ನಲಿ-ಕಲಿ ಮಕ್ಕಳ ಮನೆಯವರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಶಾಲೆ ಶುರುವಾದಾಗಿನಿಂದ ಗೇಟಿನ ಹತ್ತಿರ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ: "ಟೀಚರ್, ಮಗುವಿಗೆ ಅ ಆ ಇ ಈ ಇನ್ನೂ ಬರುವುದಿಲ್ಲ, ಹೋಂವರ್ಕೂ ಇಲ್ಲ. ಟ್ಯೂಷನ್‌ಗೆ ಹಾಕಬೇಕಾ?"

ಬೇಡ.

ನಲಿ-ಕಲಿ ಎಂದರೆ ಸಣ್ಣ ತರಗತಿಯ ಮಕ್ಕಳು ಆಡುತ್ತ ನಲಿಯುತ್ತ ಕಲಿಯುವ ಪದ್ಧತಿ. ಇದರಲ್ಲಿ ಅಕ್ಷರ ಕಲಿಸುವುದು ವರ್ಣಮಾಲೆಯ ಕ್ರಮದಲ್ಲಿ ಅಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಇವು ಐದು ಗೊತ್ತಾದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಇಡೀ ವರ್ಣಮಾಲೆ ಬಾಯಿಪಾಠ ಒಪ್ಪಿಸಿದ ಮಗು ಅಂಗಡಿ ಬೋರ್ಡಿನ ಮುಂದೆ ತಡವರಿಸುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಕ್ರಮ ಆಮೇಲೆ ಬರುತ್ತದೆ. ಈಗ ಮನೆಯಲ್ಲಿ ಬೇರೆ ಪುಸ್ತಕ ತಂದು ಬೇರೆ ದಾರಿಯಲ್ಲಿ ಕಲಿಸಿದರೆ ಮಗುವಿಗೆ ಗಲಿಬಿಲಿಯೇ ಹೆಚ್ಚು. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವುದಕ್ಕೂ ಹಲವರ ಆಕ್ಷೇಪ ಇದೆ. ಟೀಚರುಗಳು ಕಡಿಮೆ ಇರುವುದು ನಿಜ, ಆದರೆ ಕಾರಣ ಅದೊಂದೇ ಅಲ್ಲ. ಸಣ್ಣವರಿಗೆ ಹೇಳಿಕೊಡುವಾಗ ದೊಡ್ಡವರ ಕಲಿಕೆಯೂ ಗಟ್ಟಿಯಾಗುತ್ತದೆ.

ಮನೆಯಲ್ಲಿ ಏನು ಮಾಡಬಹುದು? ಮಲ್ಲಿಗೆ ಬೆಳೆಯುವ ನಮ್ಮ ಶಂಕರಪುರದ ಕಡೆ ಅದಕ್ಕೆ ಬೇಕಾದದ್ದು ಅಂಗಳದಲ್ಲೇ ಇದೆ. ಭಾನುವಾರ ಮಲ್ಲಿಗೆ ಕೊಯ್ದು ತಂದಾಗ ಒಂದು ಹಿಡಿ ಮೊಗ್ಗು ಮಗುವಿನ ಮುಂದೆ ಸುರಿಯಿರಿ. ಹತ್ತು ಹತ್ತರ ರಾಶಿ ಮಾಡಲಿ. ಮಳೆಗೆ ಹೂ ಕಡಿಮೆ, ಇದ್ದಷ್ಟು ಸಾಕು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹಾಗಾದರೆ ಅಟ್ಟೆಗೆ ಮೊಗ್ಗು ಎಷ್ಟು? ಮೂರನೆಯ ತರಗತಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೂ ಹೊಳೆಯುವುದಿಲ್ಲ. ಬಾಳೆನಾರಿನಲ್ಲಿ ಗಂಟು ಹಾಕಿ ಪಳಗಿದ ಬೆರಳಿಗೆ ಪೆನ್ಸಿಲ್ ಹಿಡಿಯುವುದೂ ಸಲೀಸು. ಆದರೆ ಶಾಲೆಯ ದಿನ ಹೂ ಕಟ್ಟಲು ಕೂರಿಸಬೇಡಿ. ಅಟ್ಟೆಯ ದರ ಏರಿದ ದಿನ ಹಾಜರಿ ಇಳಿಯುವುದು ನಮಗೂ ಗೊತ್ತಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಬೇಸರದಿಂದಲೇ ಬರೆಯುತ್ತಿದ್ದೇನೆ. ಕೆಲವು ಮನೆಗಳಲ್ಲಿ ತುಳು ಬಿಟ್ಟು ಮಗುವಿನ ಜೊತೆ ಇಂಗ್ಲಿಷ್ ಶುರುವಾಗಿದೆ. "ಕಮ್, ಸಿಟ್, ಈಟ್" ಎಂಬಲ್ಲಿಗೆ ಮಾತು ಮುಗಿಯುತ್ತದೆ. ತುಳುವೋ ಕೊಂಕಣಿಯೋ ಬ್ಯಾರಿಯೋ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಉದ್ದಕ್ಕೆ ಮಾತಾಡಿ. ಶಾಲೆಯಲ್ಲಿ ಏನಾಯಿತು, ಯಾರು ಬಿದ್ದರು, ಯಾಕೆ ಬಿದ್ದರು ಎಂದು ಕೇಳಿ, ಮಗು ಹೇಳಿ ಮುಗಿಸುವವರೆಗೆ ಕಾಯಿರಿ. ಮನೆಯಲ್ಲಿ ಹೀಗೆ ಹೇಳಿ ಅಭ್ಯಾಸವಾದ ಮಗು ಇಲ್ಲಿ ಕನ್ನಡದಲ್ಲೂ ಬಾಯಿ ಬಿಡುತ್ತದೆ. ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಎಣಿಸಿದರೂ ಲೆಕ್ಕ ಲೆಕ್ಕವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಕೆ ಎನ್ನುತ್ತದೆ.

ಊಟದ ಹೊತ್ತಿಗೆ ಮೊಬೈಲ್ ಬೇಡ. ರಾತ್ರಿ ಒಂಬತ್ತರೊಳಗೆ ಮಲಗಿಸಿ.

ಮಳೆಗಾಲದ ಶೀತಕ್ಕೆ ಕೆಲವು ಮಕ್ಕಳ ಕಿವಿ ಕಟ್ಟಿ ಸರಿಯಾಗಿ ಕೇಳಿಸುವುದಿಲ್ಲ. ಕರೆದರೆ ತಿರುಗದ ಮಗುವನ್ನು ಉದಾಸೀನ ಎಂದು ಬೈಯುವ ಮೊದಲು ಡಾಕ್ಟರಿಗೆ ತೋರಿಸಿ, ನಮಗೂ ತಿಳಿಸಿ. ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ ಇರಲಿ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನಲಿ-ಕಲಿ ಕೋಣೆಗೆ ಬನ್ನಿ. ಗೋಡೆಯ ಪ್ರಗತಿ ನೋಟದಲ್ಲಿ ನಿಮ್ಮ ಮಗು ಎಲ್ಲಿದೆ ಎಂದು ತೋರಿಸುತ್ತೇವೆ. ಅಮ್ಮಂದಿರನ್ನು ಮಾತ್ರ ಕಳಿಸಬೇಡಿ, ಅಪ್ಪಂದಿರೂ ಬರಬೇಕು. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೆ ಸಭೆ ಸೋಮವಾರ ಸಂಜೆ 4 ಗಂಟೆಗೆ.

ಇತಿ,
ಮುಖ್ಯ ಶಿಕ್ಷಕಿ