ಆಕಳ ಎದೆಯ ಸದ್ದು ಕೇಳಿಸಲಿಲ್ಲ ಎಂದ ಮೊಮ್ಮಗಳಿಗೆ

ಭಾಲ್ಕಿ

ಪ್ರೀತಿಯ ಮೊಮ್ಮಗಳಿಗೆ ನಿನ್ನ ಮುತ್ಯಾನ ಆಶೀರ್ವಾದ.

ಎಳ್ಳ ಅಮಾವಾಸ್ಯೆಗೆ ಬಂದಾಗ ಹೊಲದಲ್ಲಿ ಚರಗ ಚೆಲ್ಲುತ್ತ ನಗುನಗುತ್ತಲೇ ಓಡಾಡಿದ್ದೆ. ಬೀದರಿನ ಪಶುವೈದ್ಯ ಕಾಲೇಜಿಗೆ ಹಿಂದಿರುಗಿದ ಮೇಲೆ ಮೊನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಬೇರೆಯೇ ಆಗಿತ್ತು. ಹೃದಯದ ಚಿತ್ರವನ್ನು ಕಣ್ಣು ಮುಚ್ಚಿಯೂ ಬಿಡಿಸಬಲ್ಲೆ, ಆದರೆ ಆಕಳ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಹೊಟ್ಟೆಯ ಗುಡುಗುಡು ಬಿಟ್ಟು ಮತ್ತೇನೂ ಕೇಳಿಸಲಿಲ್ಲ, ಗೆಳತಿಯರೆಲ್ಲ ಕೇಳಿಸಿತು ಅಂದಾಗ ನಾನೂ ತಲೆಯಾಡಿಸಿಬಿಟ್ಟೆ ಎಂದೆ. ಕೇಳಿಸದಿದ್ದುದಕ್ಕೆ ನನಗೇನೂ ಚಿಂತೆಯಿಲ್ಲ. ನೀನು ತಲೆಯಾಡಿಸಿದೆಯಲ್ಲ, ಅದಕ್ಕಾಗಿ ಈ ಪತ್ರ.

ಮೊದಲು ಕೇಳುವ ಬಗೆ ಹೇಳುತ್ತೇನೆ. ಆಕಳ ಎಡಗಡೆ ನಿಲ್ಲು. ಅದರ ಎಡ ಮುಂಗಾಲನ್ನು ಒಂದು ಹೆಜ್ಜೆ ಮುಂದಕ್ಕೆ ಇಡಿಸು. ಹೃದಯದ ಬಹುಪಾಲು ಮೊಣಕೈಯ ಮರೆಯಲ್ಲೇ ಇರುತ್ತದೆ. ಕಾಲು ಹಿಂದಿದ್ದರೆ ಯಾರಿಗೂ ಸರಿಯಾಗಿ ಕೇಳಿಸದು. ಸ್ಟೆತಸ್ಕೋಪಿನ ಬಿಲ್ಲೆಯನ್ನು ಕಂಕುಳಿನ ಒಳಕ್ಕೆ, ಮೂರರಿಂದ ಐದನೆಯ ಪಕ್ಕೆಲುಬಿನ ನಡುವೆ, ಒತ್ತಿ ಹಿಡಿದು ಸುಮ್ಮನಿರು. ಮೆಲುಕಿನ ಸದ್ದು, ಉಸಿರಿನ ಸದ್ದು, ಚರ್ಮದ ಮೇಲೆ ಕೂದಲು ಉಜ್ಜುವ ಸದ್ದು, ಎಲ್ಲವೂ ಒಂದೊಂದಾಗಿ ಹಿಂದೆ ಸರಿಯುತ್ತವೆ. ಆಮೇಲೆ ಅದು ಬರುತ್ತದೆ: ಮೊದಲಿನದು ಉದ್ದ, ತಗ್ಗಿದ ದನಿ, ಎರಡನೆಯದು ಗಿಡ್ಡ, ಚುರುಕು. ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಬಿಗಿಯುತ್ತಿದ್ದಂತೆ, ಮೇಲಿನ ಕೋಣೆಗಳಾದ ಹೃತ್ಕರ್ಣಗಳ ಕಡೆಯ ಕವಾಟಗಳು ಮುಚ್ಚಿಕೊಳ್ಳುವುದು ಮೊದಲ ಸದ್ದು. ರಕ್ತ ಹೊರಗೆ ಹೋದ ಮೇಲೆ ಮಹಾನಾಳಗಳ ಬುಡದ ಕವಾಟಗಳು ಮುಚ್ಚಿಕೊಳ್ಳುವುದು ಎರಡನೆಯದು. ನೀನು ಕೇಳುವುದು ಬಾಗಿಲು ಮುಚ್ಚುವ ಸದ್ದು. ಬಾಗಿಲು ಸರಿಯಾಗಿ ಕೂರದಿದ್ದರೆ ನಡುವೆ ಸೋರುವ ಸಪ್ಪಳವೂ ಬರುತ್ತದೆ.

ಅದೇ ಹೊತ್ತಿಗೆ ಕೆಳದವಡೆಯ ಅಂಚಿನಲ್ಲಿ ಬೆರಳಿಟ್ಟರೆ ಮುಖದ ಅಪಧಮನಿ ಸಿಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡ. ನೆರಳಲ್ಲಿ ನಿಂತ ಆಕಳಿಗೆ 60ರಿಂದ 80, ಆಡಿಗೆ 70ರಿಂದ 90, ಕುದುರೆಗೆ 30ರಿಂದ 40ರ ಆಸುಪಾಸು. ಕೋಳಿಗೆ 300ರ ಹತ್ತಿರ ಹೋಗುತ್ತದೆ, ಅದನ್ನು ಬೆರಳಲ್ಲಿ ಎಣಿಸುವುದು ಆಗದ ಮಾತು.

ಮೀನಿಗೆ ಎರಡು ಕೋಣೆ, ಕಪ್ಪೆಗೆ ಮೂರು, ಆಕಳಿಗೆ ನಾಲ್ಕು ಎಂದು ನೀನು ಮಗ್ಗಿಯಂತೆ ಒಪ್ಪಿಸಿದೆ. ಅದನ್ನು ಕೇಳಿದವರಿಗೆ ಮೀನಿನ ಹೃದಯ ಅರ್ಧ ಕಟ್ಟಿ ಬಿಟ್ಟ ಮನೆಯಂತೆ ಕಾಣಬಹುದು. ಹಾಗೆ ತಿಳಿಯಬೇಡ. ಮೀನಿನ ರಕ್ತ ಹೃದಯದಿಂದ ಕಿವಿರಿಗೆ ಹೋಗಿ, ಅಲ್ಲಿಂದ ನೇರವಾಗಿ ಮೈಯೆಲ್ಲ ಸುತ್ತಿ ಬರುತ್ತದೆ. ಕಿವಿರಿನ ಸಣ್ಣ ನಾಳಗಳಲ್ಲಿ ಹಾಯುವಾಗಲೇ ಒತ್ತಡ ಕುಗ್ಗುತ್ತದೆ. ಕಾರಂಜಾ ಜಲಾಶಯದ ಮೀನು ಮೈ ಬೆಚ್ಚಗಿಡಬೇಕಾಗಿಲ್ಲ, ಅದಕ್ಕೆ ಅಷ್ಟು ಸಾಕು. ಆಕಳು ಚಳಿಯಲ್ಲೂ ಮೈ ಕಾಯಿಸಿಕೊಳ್ಳಬೇಕು. ಅದಕ್ಕೇ ಶ್ವಾಸಕೋಶದಿಂದ ಬಂದ ರಕ್ತ ಮತ್ತೆ ಹೃದಯಕ್ಕೆ ಮರಳಿ ಎರಡನೆಯ ತಳ್ಳು ಪಡೆಯುತ್ತದೆ. ಕಪ್ಪೆ ನೀರೊಳಗಿದ್ದಾಗ ಚರ್ಮದಿಂದಲೇ ಉಸಿರಾಡುತ್ತದೆ. ಆಗ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಕಳಿಸಿ ಪ್ರಯೋಜನವಿಲ್ಲ. ಒಂದೇ ಹೃತ್ಕುಕ್ಷಿ ಇರುವುದರಿಂದ ಅದು ರಕ್ತವನ್ನು ಬೇಕಾದ ಕಡೆ ತಿರುಗಿಸಬಲ್ಲದು.

ಇನ್ನೊಂದು ಸಂಗತಿ ನನಗೆ ಈ ವಯಸ್ಸಿನಲ್ಲೂ ಮೈ ಜುಮ್ಮೆನ್ನಿಸುತ್ತದೆ. ಗರ್ಭದಲ್ಲಿರುವ ಕರುವಿಗೂ ಶ್ವಾಸಕೋಶದ ಕೆಲಸವಿಲ್ಲ. ಅದರ ಎರಡು ಹೃತ್ಕರ್ಣಗಳ ನಡುವೆ ಒಂದು ಕಿಂಡಿ, ಎರಡು ಮಹಾನಾಳಗಳ ನಡುವೆ ಒಂದು ಅಡ್ಡ ಕಾಲುವೆ ಇರುತ್ತವೆ. ರಕ್ತ ಶ್ವಾಸಕೋಶವನ್ನು ಬಹುಮಟ್ಟಿಗೆ ತಪ್ಪಿಸಿ ಹೋಗುತ್ತದೆ. ಹೊಕ್ಕಳ ಬಳ್ಳಿ ಹರಿದು, ಕರು ಮೊದಲ ಉಸಿರು ಎಳೆದುಕೊಂಡಿತೆಂದರೆ ಒಳಗಿನ ಒತ್ತಡವೆಲ್ಲ ಅದಲುಬದಲಾಗಿ ಆ ಕಿಂಡಿಯ ಮೇಲೆ ಪೊರೆ ಒತ್ತಿಕೊಳ್ಳುತ್ತದೆ, ಅಡ್ಡ ಕಾಲುವೆ ಬಿಗಿದುಕೊಳ್ಳುತ್ತದೆ. ನಾನು ಎಷ್ಟೋ ಹೆರಿಗೆ ಮಾಡಿಸಿದ್ದೇನೆ. ಮಾಸು ಒರೆಸಿ ಮೂಗು ಬಿಡಿಸಿಕೊಟ್ಟು ಕೈ ತೊಳೆಯುವಷ್ಟರಲ್ಲಿ, ಆ ಪುಟ್ಟ ಎದೆಯೊಳಗೆ ಇಷ್ಟೆಲ್ಲ ಶುರುವಾಗಿರುತ್ತಿತ್ತು.

ಒಂದೇ ದಿನಕ್ಕೆ ಅರ್ಥವಾಗಲಿಲ್ಲವೆಂದು ಕುಗ್ಗಬೇಡ. ರಕ್ತ ಸುತ್ತಿ ಬರುತ್ತದೆಂದು 1628ರಲ್ಲಿ ಬರೆದು ತೋರಿಸಿದ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಗೂ ಮೊದಮೊದಲು ಹೃದಯದ ಚಲನೆ ದೇವರಿಗೆ ಮಾತ್ರ ತಿಳಿಯುವ ವಿಷಯವೆನಿಸಿತ್ತು. ಅದನ್ನು ಅವನು ತನ್ನ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾನೆ. ಬೇಗ ಬಡಿಯುವ ಹೃದಯ ಕಣ್ಣಿಗೆ ಸಿಗದಿದ್ದಾಗ ಅವನು ಕಪ್ಪೆ, ಹಾವು, ಮೀನುಗಳ ನಿಧಾನದ ಹೃದಯಗಳನ್ನು ನೋಡುತ್ತ ಕುಳಿತ. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆಂಬುದನ್ನು ಕಾಣದೆಯೇ ತೀರಿಹೋದ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಆ ಎರಡನ್ನೂ ಜೋಡಿಸುವ ಅತಿ ಸಣ್ಣ ನಾಳಗಳನ್ನು, ಅಂದರೆ ಲೋಮನಾಳಗಳನ್ನು, ಕಂಡ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ.

ನಾನು ಪಶುವೈದ್ಯನಾಗಿ ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ಒಬ್ಬ ವಿಧವೆಯ ದೇವಣಿ ತಳಿಯ ಆಕಳು ಮೇವು ಬಿಟ್ಟಿತ್ತು. ಬೆನ್ನು ಬಾಗಿಸಿ, ಮೊಣಕೈ ಹೊರಚಾಚಿ ನಿಂತಿತ್ತು. ಇಳಿಜಾರಿನಲ್ಲಿ ಹೆಜ್ಜೆ ಇಡಲು ಅಂಜುತ್ತಿತ್ತು. ಅಂದು ನೋಡಬೇಕಾದ ದನಗಳು ಬಹಳ ಇದ್ದವು. ನಾನು ಅಜೀರ್ಣವೆಂದು ಪುಡಿ ಕೊಟ್ಟು, ಪುಸ್ತಕದಲ್ಲಿ ‘ಹೃದಯ ಸರಿಯಿದೆ’ ಎಂದು ಬರೆದೆ. ಎದೆಗೆ ಸ್ಟೆತಸ್ಕೋಪ್ ಮುಟ್ಟಿಸಿಯೇ ಇರಲಿಲ್ಲ. ಎರಡು ವಾರದ ಮೇಲೆ ಮತ್ತೆ ಕರೆ ಬಂತು. ಗಂಗೆದೊಗಲು ನೀರು ತುಂಬಿ ಜೋತುಬಿದ್ದಿತ್ತು, ಕತ್ತಿನ ಅಭಿಧಮನಿ ಹಗ್ಗದಂತೆ ಉಬ್ಬಿ ನಿಂತಿತ್ತು. ಆಗ ಎದೆಗೆ ಕಿವಿಗೊಟ್ಟೆ. ಅರ್ಧ ತುಂಬಿದ ಕೊಡವನ್ನು ಅಲುಗಿಸಿದಂತೆ ಕುಲುಕುಲು ಸದ್ದು, ಅದರಾಚೆ ಎಲ್ಲೋ ದೂರದಲ್ಲಿ ಹೃದಯ. ಮೂರನೆಯ ದಿನ ಆಕಳು ಸತ್ತಿತು. ಕೊಯ್ದು ನೋಡಿದರೆ ಹೃದಯದ ಪೊರೆಯ ತುಂಬ ನಾರುವ ಕೀವು; ಒಳಗೆ ಬೆರಳುದ್ದದ ತಂತಿ.

ಆ ಮನೆಯ ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಕಬ್ಬಿಣದ ಸರಳು ಬಿಗಿಯುವ ತಂತಿಯ ಚೂರು ಕಣಿಕೆಯಲ್ಲಿ ಸೇರಿತ್ತು. ಆಕಳು ನಾಲಿಗೆಯಿಂದ ಮೇವನ್ನು ಸೆಳೆದು ಆರಿಸದೆ ನುಂಗುತ್ತದೆ. ಜೇನುಗೂಡಿನಂಥ ಎರಡನೆಯ ಹೊಟ್ಟೆಯಲ್ಲಿ ಲೋಹ ನಿಲ್ಲುತ್ತದೆ, ಅಲ್ಲಿಂದ ಹೃದಯಕ್ಕೆ ನಡುವೆ ಇರುವುದು ಎದೆ-ಹೊಟ್ಟೆಗಳನ್ನು ಬೇರ್ಪಡಿಸುವ ತೆಳು ಸ್ನಾಯುವಾದ ವಪೆಯೊಂದೇ. ಮೊದಲ ದಿನವೇ ನಾನು ಕಿವಿಗೊಟ್ಟಿದ್ದರೆ ಏನಾದರೂ ಕೇಳಿಸುತ್ತಿತ್ತೋ ಇಲ್ಲವೋ. ಆದರೆ ಕೇಳದೆಯೇ ‘ಸರಿಯಿದೆ’ ಎಂದು ಬರೆದುಬಿಟ್ಟಿದ್ದರಿಂದ, ಮತ್ತೆ ಕೇಳಬೇಕೆಂದು ನನಗೂ ತೋಚಲಿಲ್ಲ, ಬೇರೆ ಯಾರಿಗೂ ತೋಚಲಿಲ್ಲ. ಆ ತಾಯಿ ಜಗಳವಾಡಲಿಲ್ಲ. ಖಾಲಿ ಗೂಟದ ಹತ್ತಿರ ಕುಳಿತು, ಕುಡಿಯಲು ನೀರು ಬೇಕೇ ಎಂದು ನನ್ನನ್ನೇ ಕೇಳಿದಳು.

ಆದ್ದರಿಂದ ನಾಳೆಯೇ ನಿನ್ನ ಗುರುಗಳ ಹತ್ತಿರ ಹೋಗಿ, ಅಂದು ನನಗೆ ಕೇಳಿಸಿರಲಿಲ್ಲ, ಮತ್ತೊಮ್ಮೆ ತೋರಿಸಿ ಎಂದು ಕೇಳು. ಅವರು ಬೈದರೂ ಬೈಯಲಿ. ಸುಣ್ಣದ ಕೊರತೆಗೆ ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ಏರಿಸುವುದನ್ನು ಇನ್ನೆರಡು ವರ್ಷದಲ್ಲಿ ನಿನಗೇ ಒಪ್ಪಿಸುತ್ತಾರೆ. ಅವಸರದಲ್ಲಿ ಏರಿಸಿದರೆ ಹೃದಯ ನಿಂತೇ ಹೋಗಬಹುದು. ಒಂದು ಕೈ ಬಾಟಲಿ ಹಿಡಿದಿದ್ದರೆ ಕಿವಿ ಎದೆಯ ಮೇಲೇ ಇರಬೇಕು. ಆಗ ಸುಳ್ಳೇ ತಲೆಯಾಡಿಸಲು ಪುರುಸೊತ್ತು ಇರುವುದಿಲ್ಲ.

ನಮ್ಮ ಮನೆಯ ಕಡಸು ಯುಗಾದಿಯ ಹೊತ್ತಿಗೆ ಈಯುತ್ತದೆ. ಹೊಟ್ಟೆಯಡಿಯ ಹಾಲಿನ ನರ ಈಗಲೇ ಸುರುಳಿ ಸುರುಳಿಯಾಗಿ ಕಾಣಿಸತೊಡಗಿದೆ. ಒಂದು ಲೀಟರ್ ಹಾಲಿಗೆ 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾಯಬೇಕು. ದಿನಕ್ಕೆ ಹತ್ತು ಲೀಟರ್ ಕೊಡುವ ಆಕಳ ಹೃದಯ, ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವ ನೀರಿನ ಟ್ಯಾಂಕರಿನಷ್ಟನ್ನು ಕೆಚ್ಚಲೊಂದಕ್ಕೇ ತಳ್ಳುತ್ತದೆ. ಇದನ್ನು ನಿನ್ನ ಅಜ್ಜಿಗೆ ಹೇಳಿದಾಗಿನಿಂದ ಅವಳು ಹಿಂಡಿಯನ್ನು ಒಂದು ಬೊಗಸೆ ಹೆಚ್ಚಿಗೆ ಹಾಕುತ್ತಿದ್ದಾಳೆ.

ಹಬ್ಬಕ್ಕೆ ಎರಡು ದಿನ ಮುಂಚೆಯೇ ಬಾ. ಕರುವಿನ ಎದೆ ನಿಮಿಷಕ್ಕೆ ನೂರರ ಮೇಲೆ ಬಡಿಯುತ್ತದೆ, ಪಕ್ಕೆಲುಬು ತೆಳ್ಳಗೆ. ನಿನಗೆ ಅಲ್ಲಿ ಸುಲಭವಾಗಿ ಕೇಳಿಸುತ್ತದೆ. ನನ್ನ ಹಳೆಯ ಸ್ಟೆತಸ್ಕೋಪಿನ ರಬ್ಬರ್ ಒಣಗಿ ಸೀಳಿದೆ. ಬೀದರಿನಲ್ಲಿ ಹೊಸ ನಳಿಕೆ ಸಿಕ್ಕರೆ ತೆಗೆದುಕೊಂಡು ಬಾ, ದುಡ್ಡು ಇಲ್ಲಿ ಕೊಡುತ್ತೇನೆ.

ನಿನ್ನ
ಮುತ್ಯಾ