ಬೇಕಾದಂತೆ ಬದಲಿಸಬಹುದು, ಬದಲಿಸಿದ್ದರ ಲೆಕ್ಕ ಇಡುವವರು ಯಾರು?

ಮಾನ್ಯ ಸಂಪಾದಕರಿಗೆ,

ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯನ್ನು ಅಳವಡಿಸಿ ಮತ್ತೆ ಬಳಕೆಗೆ ತರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲವೆಂಬ ಕಾರಣಕ್ಕೆ ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಮೂಲೆ ಸೇರುತ್ತಿರುವಾಗ ಇಂಥ ಲೇಖನ ಸಕಾಲಿಕವೇ ಸರಿ. ಆದರೆ ಈ ವ್ಯವಸ್ಥೆಯನ್ನು ಬಳಕೆದಾರರು ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು ಎಂಬ ಮಾತು ಅಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿದೆ. ಹಲವು ವರ್ಷಗಳಿಂದ ದಿನದ ಕೆಲಸವನ್ನೆಲ್ಲ ಇದೇ ವ್ಯವಸ್ಥೆಯಲ್ಲಿ ಮಾಡುತ್ತಿರುವ ನನಗೆ ಆ ಒಂದು ಸಾಲಿನಲ್ಲೇ ಇಡೀ ವಿಷಯ ಅಡಗಿದೆ ಎನ್ನಿಸುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬದಲಾಯಿಸಿಕೊಳ್ಳುವುದೆಂದರೆ ಪರದೆಯ ಹಿನ್ನೆಲೆ ಚಿತ್ರವನ್ನೋ ಬಣ್ಣವನ್ನೋ ಬದಲಿಸುವುದಷ್ಟೇ ಅಲ್ಲ. ನಾವು ರೂಢಿಯಲ್ಲಿ ಲಿನಕ್ಸ್ ಎಂದು ಕರೆಯುವುದು ಯಾರೋ ಒಬ್ಬರು ಕಟ್ಟಿ ಕೊಟ್ಟ ಒಂದೇ ತಂತ್ರಾಂಶವಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲಾರಂಭಿಸಿದ ಕರ್ನಲ್, ಅಂದರೆ ಯಂತ್ರಾಂಶವನ್ನೂ ತಂತ್ರಾಂಶವನ್ನೂ ಬೆಸೆಯುವ ಭಾಗ, ಅದರ ತಿರುಳು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಸಾಧನಗಳು ಅದರ ಸುತ್ತ ಇವೆ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆ ಬೇರೊಂದು ತಂಡದ್ದು, ಅದರ ಮೇಲೆ ಕೂರುವ ಗ್ನೋಮ್ ಅಥವಾ ಕೆಡಿಇಯಂಥ ಡೆಸ್ಕ್‌ಟಾಪ್ ಮತ್ತೊಂದು ತಂಡದ್ದು. ಇವನ್ನೆಲ್ಲ ಆಯ್ದು, ಒಂದಕ್ಕೊಂದು ಹೊಂದಿಸಿ, ನಮ್ಮ ಕೈಗೆ ಕೊಡುವುದು ಡೆಬಿಯನ್, ಫೆಡೋರಾ, ಆರ್ಚ್ ಮೊದಲಾದ ಡಿಸ್ಟ್ರೋಗಳ ಕೆಲಸ. ಅವರ ಆಯ್ಕೆ ನಮಗೆ ಒಪ್ಪಿಗೆಯಾಗದಿದ್ದರೆ ಆ ಭಾಗವನ್ನಷ್ಟೇ ತೆಗೆದು ಇನ್ನೊಂದನ್ನು ಕೂರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಯಾವ ಭಾಗ ಹೇಗೆ ವರ್ತಿಸಬೇಕೆಂಬ ಸೂಚನೆಗಳು ಬಹುಪಾಲು ಸಾದಾ ಪಠ್ಯದ ಕಡತಗಳಲ್ಲಿರುತ್ತವೆ. ಇಡೀ ಯಂತ್ರಕ್ಕೆ ಸಂಬಂಧಿಸಿದವು ಇಟಿಸಿ ಎಂಬ ಫೋಲ್ಡರಿನಲ್ಲೂ ಒಬ್ಬೊಬ್ಬ ಬಳಕೆದಾರರಿಗೆ ಸಂಬಂಧಿಸಿದವು ಅವರವರ ಹೋಮ್ ಫೋಲ್ಡರಿನಲ್ಲೂ ಸಿಗುತ್ತವೆ. ಓದು ಬರಹ ಬಲ್ಲ ಯಾರೇ ಆದರೂ ತೆರೆದು ನೋಡಬಹುದು.

ಚಿಕ್ಕದೊಂದು ಉದಾಹರಣೆ ಕೊಡುತ್ತೇನೆ. ಕೀಲಿಮಣೆಯ ಎಡಗಡೆ, ಕಿರುಬೆರಳಿಗೆ ತೀರಾ ಅನುಕೂಲವಾದ ಜಾಗದಲ್ಲಿ, ಕ್ಯಾಪ್ಸ್ ಲಾಕ್ ಕೀಲಿ ಕುಳಿತಿದೆ. ಕನ್ನಡದಲ್ಲಿ ಬರೆಯುವವರಿಗೆ ದೊಡ್ಡಕ್ಷರ, ಚಿಕ್ಕಕ್ಷರಗಳ ಗೊಡವೆಯೇ ಇಲ್ಲದ ಕಾರಣ ಅದು ಕೆಲಸಕ್ಕೆ ಬರುವುದೇ ಅಪರೂಪ. ಡೆಬಿಯನ್‌ನಲ್ಲಿ ಕೀಲಿಮಣೆಯ ಕಡತ ತೆರೆದು ಒಂದೇ ಒಂದು ಆಯ್ಕೆ ಸೇರಿಸಿದರೆ ಅದು ಕಂಟ್ರೋಲ್ ಕೀಲಿಯಾಗಿ ಕೆಲಸ ಮಾಡತೊಡಗುತ್ತದೆ. ಹಾಗೆಯೇ ಬ್ರೌಸರಿನಲ್ಲಿ ಒಂದು ಕನ್ನಡ ಫಾಂಟ್, ಪತ್ರ ಬರೆಯುವ ತಂತ್ರಾಂಶದಲ್ಲಿ ಇನ್ನೊಂದು, ಎಲ್ಲೋ ಒಂದೆಡೆ ಒತ್ತಕ್ಷರಗಳು ಓದಲಾಗದಷ್ಟು ಸಣ್ಣದಾಗಿ ಕಾಣುತ್ತಿದ್ದರೆ, ಫಾಂಟುಗಳನ್ನು ಆರಿಸಿಕೊಡುವ ಫಾಂಟ್‌ಕಾನ್ಫಿಗ್‌ನ ಕಡತದಲ್ಲಿ ಕೆಲವು ಸಾಲು ಬರೆದು ಕನ್ನಡಕ್ಕೆ ಎಲ್ಲೆಡೆ ಇಂಥದೇ ಫಾಂಟಿಗೆ ಆದ್ಯತೆ ಎಂದು ಹೇಳಿಬಿಡಬಹುದು. ಕಿಟಕಿಗಳು ಒಂದರ ಮೇಲೊಂದು ಬೀಳದೆ ಪರದೆಯನ್ನು ತಾವೇ ಹಂಚಿಕೊಳ್ಳಬೇಕು ಎನ್ನುವವರಿಗೆ ಐ3 ಎಂಬ ಕಿಟಕಿ ನಿರ್ವಾಹಕ ತಂತ್ರಾಂಶ ಇದೆ. ಇನ್ನೂ ಮುಂದೆ ಹೋಗುವವರಿಗೆ ಅದೇ ಬಗೆಯ ಡಿಡಬ್ಲ್ಯುಎಂ ಇದೆ. ಅದಕ್ಕೆ ಪ್ರತ್ಯೇಕ ಸೆಟ್ಟಿಂಗ್ ಪುಟವೇ ಇಲ್ಲ, ಅದರ ಮೂಲ ಬರಹವಾದ ಸೋರ್ಸ್ ಕೋಡನ್ನೇ ತಿದ್ದಿ, ಯಂತ್ರ ನಡೆಸಬಲ್ಲ ರೂಪಕ್ಕೆ ಮತ್ತೆ ಕಂಪೈಲ್ ಮಾಡಿಕೊಳ್ಳಬೇಕು. ಇದು ಅತಿಯಾಯಿತು ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ.

ಇಲ್ಲಿಯವರೆಗಿನದು ಲೇಖನಗಳಲ್ಲಿ ಹೇಗೂ ಬರುತ್ತದೆ. ಬಾರದಿರುವುದು ಮುಂದಿನ ಭಾಗ. ಡೆಬಿಯನ್ ಬಳಸುವವರು ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸುವಾಗ ಸರಸರನೆ ಓಡುತ್ತಿದ್ದ ಟರ್ಮಿನಲ್ಲು, ಅಂದರೆ ಆದೇಶಗಳನ್ನು ಬರೆಯುವ ಕಿಟಕಿ, ಒಮ್ಮೆಲೇ ನಿಂತು ಒಂದು ಪ್ರಶ್ನೆ ಕೇಳುತ್ತದೆ. ಈ ಕಡತವನ್ನು ನೀವೋ ಯಾವುದೋ ಸ್ಕ್ರಿಪ್ಟೋ ತಿದ್ದಿರುವುದು ಕಾಣುತ್ತಿದೆ, ಪ್ಯಾಕೇಜ್, ಅಂದರೆ ತಂತ್ರಾಂಶದ ಕಟ್ಟು, ಕಳುಹಿಸಿದವರೂ ಅದೇ ಕಡತದ ಹೊಸ ರೂಪವನ್ನು ಕೊಟ್ಟಿದ್ದಾರೆ, ಏನು ಮಾಡಲಿ ಎಂಬುದು ಅದರ ಸಾರ. ವೈ ಒತ್ತಿದರೆ ಅವರ ಕಡತ ಬಂದು ಕೂರುತ್ತದೆ, ಎನ್ ಒತ್ತಿದರೆ ನಮ್ಮದು ಉಳಿಯುತ್ತದೆ, ಡಿ ಒತ್ತಿದರೆ ಎರಡರ ನಡುವಿನ ವ್ಯತ್ಯಾಸ ಕಾಣುತ್ತದೆ. ಏನನ್ನೂ ಹೇಳದೆ ಎಂಟರ್ ಒತ್ತಿದರೂ ನಮ್ಮದೇ ಉಳಿಯುತ್ತದೆ. ನೋಡಲು ಸರಳವಾದ ಪ್ರಶ್ನೆ. ಆದರೆ ಉತ್ತರಿಸಬೇಕಾದವರಿಗೆ ತಾವು ಆ ಕಡತವನ್ನು ಯಾವಾಗ, ಯಾವ ಉದ್ದೇಶಕ್ಕೆ ತಿದ್ದಿದ್ದೆವು ಎಂಬುದು ಗೊತ್ತಿರಬೇಕು, ಮತ್ತು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಪ್ರತಿ ಸಲವೂ ಎಂಟರ್ ಒತ್ತುತ್ತಾ ಹೋದರೆ ತಂತ್ರಾಂಶ ಹೊಸದು, ಅದರ ಸೂಚನೆಗಳು ಹಳೆಯವು ಎಂಬ ಸ್ಥಿತಿ ಉಂಟಾಗುತ್ತದೆ. ಅಂಥಲ್ಲಿ ಹೆಸರು ಬದಲಾದ ಆಯ್ಕೆಯೊಂದನ್ನು ತಂತ್ರಾಂಶ ಸದ್ದಿಲ್ಲದೆ ಕಡೆಗಣಿಸಬಹುದು, ಇಲ್ಲವೇ ಆರಂಭವಾಗಲು ಒಪ್ಪದೇ ಇರಬಹುದು. ಭದ್ರತೆಗಾಗಿ ಬಿಗಿಗೊಳಿಸಿದ ಹೊಸ ನಿಯಮ ನಮ್ಮವರೆಗೆ ತಲುಪದೆಯೂ ಹೋಗಬಹುದು. ಆರ್ಚ್ ಲಿನಕ್ಸ್ ಈ ಪ್ರಶ್ನೆಯನ್ನೂ ಕೇಳುವುದಿಲ್ಲ. ಹೊಸ ಕಡತದ ಹೆಸರಿಗೆ ಪ್ಯಾಕ್‌ನ್ಯೂ ಎಂಬ ಬಾಲ ಅಂಟಿಸಿ ಪಕ್ಕದಲ್ಲಿಟ್ಟು, ಹಾಗೆ ಇಟ್ಟಿರುವುದಾಗಿ ಒಂದು ಸಾಲಿನ ಎಚ್ಚರಿಕೆ ಕೊಟ್ಟು ಮುಂದೆ ಸಾಗುತ್ತದೆ. ಅವನ್ನು ಹುಡುಕಿ, ಹೋಲಿಸಿ, ಕೂಡಿಸುವುದು ಬಳಕೆದಾರರ ಪಾಲಿನ ಕೆಲಸ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಹಾಗೆಂದು ಏನನ್ನೂ ಬದಲಿಸಬಾರದು ಎಂಬುದು ನನ್ನ ವಾದವಲ್ಲ. ಬದಲಿಸಿದ್ದಕ್ಕೆಲ್ಲ ದಾಖಲೆ ಇರಬೇಕು ಎಂಬುದಷ್ಟೇ ನಾನು ಹೇಳುತ್ತಿರುವುದು. ತಿದ್ದಿದ ಸಾಲಿನ ಮೇಲೆ ಹ್ಯಾಶ್ ಗುರುತು ಹಾಕಿ ದಿನಾಂಕವನ್ನೂ ಕಾರಣವನ್ನೂ ಬರೆದಿಟ್ಟರೆ ವ್ಯವಸ್ಥೆ ಸಾಮಾನ್ಯವಾಗಿ ಅದನ್ನು ಟಿಪ್ಪಣಿ ಎಂದು ಬಗೆದು ಬಿಟ್ಟುಬಿಡುತ್ತದೆ, ಮುಂದೊಂದು ದಿನ ಓದುವ ನಮಗೆ ಮಾತ್ರ ಅದು ದಾರಿ ತೋರುತ್ತದೆ. ಇನ್ನಷ್ಟು ಶಿಸ್ತು ಬೇಕೆನ್ನುವವರಿಗೆ ಗಿಟ್ ಇದೆ. ಕರ್ನಲ್‌ನ ಕೋಡನ್ನು ನಿರ್ವಹಿಸಲೆಂದು ಟೊರ್ವಾಲ್ಡ್ಸ್ ಅವರೇ 2005ರಲ್ಲಿ ರೂಪಿಸಿದ ಈ ಸಾಧನ ತಿದ್ದುಪಡಿಗಳ ಇತಿಹಾಸವನ್ನು ಕಾಪಾಡುತ್ತದೆ. ಅದನ್ನು ಆಧರಿಸಿದ ಇಟಿಸಿಕೀಪರ್ ಎಂಬ ಪುಟ್ಟ ತಂತ್ರಾಂಶ ಪ್ಯಾಕೇಜುಗಳನ್ನು ಹಾಕುವ ಮೊದಲೂ ಅನಂತರವೂ ಇಟಿಸಿ ಫೋಲ್ಡರಿನ ಸ್ಥಿತಿಯನ್ನು ತಾನಾಗಿಯೇ ದಾಖಲಿಸಿಕೊಳ್ಳುತ್ತದೆ. ಯಾವ ಬಣ್ಣದ ಥೀಮ್ ಚೆಂದ ಎಂಬುದಕ್ಕೆ ಪುಟಗಟ್ಟಲೆ ಬರೆಯುವ ಉತ್ಸಾಹಿಗಳು ಇದರ ಬಗ್ಗೆ ಒಂದು ಮಾತು ಹೇಳದಿರುವುದು ನನಗೆ ಸದಾ ಸೋಜಿಗ.

ಎಷ್ಟು ಬದಲಿಸಬೇಕು ಎಂಬುದರ ಜೊತೆಗೇ ಯಾವ ಡಿಸ್ಟ್ರೋ ಎಂಬ ಪ್ರಶ್ನೆಯೂ ಬರುತ್ತದೆ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ನಡುವೆ ಬರುವುದು ಮುಖ್ಯವಾಗಿ ಭದ್ರತೆಯ ಮತ್ತು ದೋಷಗಳ ತಿದ್ದುಪಡಿಗಳು. ಆದ್ದರಿಂದ ಮೇಲೆ ಹೇಳಿದ ಪ್ರಶ್ನೆ ಎದುರಾಗುವುದು ಕಡಿಮೆ, ಎದುರಾದಾಗ ಒಟ್ಟಿಗೇ ಹಲವು ಬರುತ್ತವೆ. 2002ರಲ್ಲಿ ಆರಂಭವಾದ ಆರ್ಚ್‌ನಲ್ಲಿ ಆವೃತ್ತಿ ಎಂಬುದೇ ಇಲ್ಲ, ಹೊಸದು ಬಂದಂತೆಲ್ಲ ಹರಿದು ಬರುತ್ತಲೇ ಇರುತ್ತದೆ. ಒಂದು ಪ್ಯಾಕೇಜನ್ನು ಮಾತ್ರ ಏರಿಸಿ ಉಳಿದವನ್ನು ಹಾಗೆಯೇ ಬಿಡುವುದಕ್ಕೆ ಅವರ ಸಮ್ಮತಿಯಿಲ್ಲ. ಜೆಂಟೂ ಎಂಬ ಡಿಸ್ಟ್ರೋದಲ್ಲಿ ತಂತ್ರಾಂಶಗಳನ್ನು ಸೋರ್ಸ್ ಕೋಡಿನಿಂದ ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳುವುದು ಮೂಲ ಪದ್ಧತಿ. ಮುದ್ರಣ ಬೇಡ ಎಂದರೆ ಮುದ್ರಣಕ್ಕೆ ಸಂಬಂಧಿಸಿದ ಕೋಡೇ ಒಳಗೆ ಬಾರದಂತೆ ಯೂಸ್ ಫ್ಲ್ಯಾಗ್ ಎಂಬ ಆಯ್ಕೆಗಳ ಮೂಲಕ ತಡೆಯಬಹುದು, ಆದರೆ ದೊಡ್ಡ ಬ್ರೌಸರೊಂದು ಸಿದ್ಧವಾಗಲು ಸಾಧಾರಣ ಯಂತ್ರದಲ್ಲಿ ಗಂಟೆಗಟ್ಟಲೆ ಕಾಯಬೇಕು. 2023ರ ಡಿಸೆಂಬರ್‌ನಿಂದ ಅವರೂ ಸಿದ್ಧ ಪ್ಯಾಕೇಜುಗಳನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸತೊಡಗಿದ್ದಾರೆ ಎಂಬುದು ಗಮನಾರ್ಹ. ನಿಕ್ಸ್‌ಓಎಸ್ ಎಂಬ ಡಿಸ್ಟ್ರೋದ ದಾರಿಯೇ ಬೇರೆ. ಅಲ್ಲಿ ಇಡೀ ವ್ಯವಸ್ಥೆ ಹೇಗಿರಬೇಕೆಂಬುದನ್ನು ಕಡತದಲ್ಲಿ ಮೊದಲೇ ಬರೆದು, ಅದರಿಂದ ವ್ಯವಸ್ಥೆಯನ್ನು ಕಟ್ಟಿಕೊಳ್ಳಬೇಕು. ಹೊಸದು ಸರಿಹೋಗದಿದ್ದರೆ ಯಂತ್ರವನ್ನು ಮತ್ತೆ ಚಾಲೂ ಮಾಡುವಾಗ ಕಾಣುವ ಪಟ್ಟಿಯಿಂದ ಹಿಂದಿನ ಸ್ಥಿತಿಯನ್ನು ಆರಿಸಿಕೊಳ್ಳಬಹುದು. ದಾಖಲೆ ಇಡುವ ಶಿಸ್ತನ್ನು ಬಳಕೆದಾರರ ಮರ್ಜಿಗೆ ಬಿಡದೆ ವ್ಯವಸ್ಥೆಯೇ ಕಡ್ಡಾಯಗೊಳಿಸಿದ ಈ ಕ್ರಮವನ್ನು ನಾನು ಮೆಚ್ಚುತ್ತೇನೆ, ಅದರ ಭಾಷೆಯನ್ನು ಕಲಿಯುವ ಶ್ರಮ ಎಲ್ಲರಿಗೂ ಹಿಡಿಸದು ಎಂದೂ ಬಲ್ಲೆ.

ಇಷ್ಟೆಲ್ಲ ಉಸಾಬರಿ ಏಕೆ ಎಂದು ಕೇಳುವವರಿಗೆ 2011ರ ಏಪ್ರಿಲ್‌ನ ಪ್ರಸಂಗವನ್ನು ನೆನಪಿಸಬೇಕು. ಆಗ ಬಿಡುಗಡೆಯಾದ ಗ್ನೋಮ್ 3 ಹಳೆಯ ಪಟ್ಟಿ, ಮೆನುಗಳ ಕ್ರಮವನ್ನು ಕೈಬಿಟ್ಟು ಹೊಸ ರೂಪ ತಳೆಯಿತು. ಅನೇಕರಿಗೆ ಅದು ಹಿಡಿಸಲಿಲ್ಲ. ಮುಚ್ಚಿದ ವ್ಯವಸ್ಥೆಯಾಗಿದ್ದರೆ ದೂರು ಹೇಳಿ ಸುಮ್ಮನಾಗುವುದನ್ನು ಬಿಟ್ಟು ಬೇರೆ ದಾರಿಯಿರುತ್ತಿರಲಿಲ್ಲ. ಇಲ್ಲಿ ಕೆಲವರು ಹಳೆಯ ಗ್ನೋಮ್ 2ರ ಕೋಡನ್ನು ಎತ್ತಿಕೊಂಡು ಮಾತೆ ಎಂಬ ಡೆಸ್ಕ್‌ಟಾಪ್ ಅನ್ನು ಮುಂದುವರಿಸಿದರು, ಅದು ಇಂದಿಗೂ ಬಳಕೆಯಲ್ಲಿದೆ. ಆ ಕೋಡನ್ನು ಮುಟ್ಟುವ ಶಕ್ತಿ ನಮ್ಮಲ್ಲಿ ಬಹುಮಂದಿಗೆ ಇಲ್ಲದಿರಬಹುದು. ಶಕ್ತಿಯುಳ್ಳ ಕೆಲವರಿಗೆ ಅನುಮತಿ ಇದ್ದುದರಿಂದಲೇ ಉಳಿದವರ ಡೆಸ್ಕ್‌ಟಾಪ್ ಉಳಿಯಿತು.

ಎಲ್ಲವೂ ತೆರೆದಿರುವುದರಿಂದ ಅಪಾಯವೇ ಇಲ್ಲ ಎಂಬ ಪ್ರಚಾರವನ್ನೂ ನಂಬಬೇಕಿಲ್ಲ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಯೋಜನೆಯೊಳಗೆ ವರ್ಷಗಳ ಕಾಲ ನಂಬಿಕೆ ಗಳಿಸಿದ ಒಬ್ಬ ಸಹಯೋಗಿ, ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗುವ ಹಿಂಬಾಗಿಲೊಂದನ್ನು ಅಡಗಿಸಿದ್ದ ಸಂಗತಿ 2024ರ ಮಾರ್ಚ್‌ನಲ್ಲಿ ಬಯಲಾಯಿತು. ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚಿಗೆ ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಅಷ್ಟಕ್ಕೇ ಬಿಡದೆ ಅವರು ಮೂಲದವರೆಗೆ ಹೋದರು. ತಮ್ಮ ಯಂತ್ರದ ನಡೆ ಚೆನ್ನಾಗಿ ಗೊತ್ತಿದ್ದವರಿಗಷ್ಟೇ ಅರ್ಧ ಸೆಕೆಂಡು ಕಣ್ಣಿಗೆ ಬೀಳುತ್ತದೆ, ಕೋಡ್ ಕೈಗೆ ಸಿಗುವಂತಿದ್ದುದರಿಂದ ಬೆನ್ನುಹತ್ತಲು ಸಾಧ್ಯವಾಯಿತು. ಡೆಬಿಯನ್‌ನ ಸ್ಟೇಬಲ್ ಆವೃತ್ತಿಗೆ ಆ ಕೋಡ್ ಇನ್ನೂ ತಲುಪಿರಲಿಲ್ಲ ಎಂಬುದನ್ನು ಹೊಸದರ ಬೆನ್ನು ಬೀಳುವವರು ಗಮನಿಸಬೇಕು.

ಇನ್ನೊಂದು ಮಾತನ್ನು ತುಸು ಖಾರವಾಗಿಯೇ ಹೇಳಬೇಕಾಗಿದೆ. ನಮ್ಮ ಕೈಗೆ ಹೊಂದಿಸಿಕೊಂಡ ಯಂತ್ರ ಇನ್ನೊಬ್ಬರ ಕೈಗೆ ಸಿಕ್ಕರೆ ಅವರು ಒಂದು ಕಡತವನ್ನು ತೆರೆಯಲೂ ಪರದಾಡುತ್ತಾರೆ. ಅದು ಅವರ ದಡ್ಡತನವಲ್ಲ. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿಕೊಡುವುದು, ಡಿಸ್ಟ್ರೋ ಕೊಟ್ಟ ಡೆಸ್ಕ್‌ಟಾಪ್ ಅನ್ನು ಅವರ ಮಟ್ಟಿಗೆ ಇದ್ದಂತೆಯೇ ಬಿಡುವುದು, ಪ್ರಯೋಗಗಳನ್ನು ನಮ್ಮ ಹೋಮ್ ಫೋಲ್ಡರಿನೊಳಗೆ ಇಟ್ಟುಕೊಳ್ಳುವುದು ಕನಿಷ್ಠ ಸೌಜನ್ಯ. ಬೇರೆಯವರ ಯಂತ್ರಕ್ಕೆ ಉತ್ಸಾಹದಿಂದ ಲಿನಕ್ಸ್ ಹಾಕಿಕೊಟ್ಟು, ತೊಂದರೆ ಎಂದು ಕೇಳಿಕೊಂಡು ಬಂದಾಗ ಕೈಪಿಡಿ ಓದಿಕೊಳ್ಳಿ ಎನ್ನುವವರಿಂದ ಈ ವ್ಯವಸ್ಥೆಗೆ ಬಂದಷ್ಟು ಕೆಟ್ಟ ಹೆಸರು ತಾಂತ್ರಿಕ ದೋಷಗಳಿಂದ ಬಂದಿರಲಿಕ್ಕಿಲ್ಲ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಈ ವಿಷಯವಾಗಿ ಮುಂದೆ ಲೇಖನ ಪ್ರಕಟಿಸುವಾಗ, ಪೆನ್‌ಡ್ರೈವ್‌ನಿಂದಲೇ ವ್ಯವಸ್ಥೆಯನ್ನು ನಡೆಸಿ ವೈಫೈ, ಧ್ವನಿ, ಮುದ್ರಣ, ಯಂತ್ರವನ್ನು ನಿದ್ದೆಗೆ ಕಳುಹಿಸಿ ಎಬ್ಬಿಸುವುದು ಇವೆಲ್ಲ ಸರಿಯಿವೆಯೇ ಎಂದು ಅಳವಡಿಸುವ ಮೊದಲೇ ಪರೀಕ್ಷಿಸುವ ವಿಧಾನವನ್ನು ಓದುಗರಿಗೆ ತಿಳಿಸಿಕೊಡಬೇಕು. ತಮ್ಮ ವೃತ್ತಿಗೆ ಬೇಕಾದ ತಂತ್ರಾಂಶ ಲಿನಕ್ಸ್‌ನಲ್ಲಿ ದೊರೆಯುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವಂತೆಯೂ ಹೇಳಬೇಕು. ಜೊತೆಗೆ, ತಿದ್ದಿದ ಕಡತಗಳ ಬ್ಯಾಕಪ್ ಇಡುವುದು ಹೇಗೆ, ಆವೃತ್ತಿ ಏರಿಸುವಾಗ ಟರ್ಮಿನಲ್ಲು ಕೇಳುವ ಆ ಪ್ರಶ್ನೆಗೆ ಡಿ ಒತ್ತಿ ಕಾಣುವ ವ್ಯತ್ಯಾಸವನ್ನು ಓದುವುದು ಹೇಗೆ ಎಂಬುದನ್ನು ಕನ್ನಡದಲ್ಲಿ, ಪರದೆಯ ಚಿತ್ರಗಳ ಸಮೇತ ವಿವರಿಸುವ ಬರಹವೊಂದನ್ನು ತಮ್ಮ ಲೇಖಕರಿಂದ ಬರೆಸಿದರೆ ಹೊಸದಾಗಿ ಬರುವವರಿಗೆ ಬಹಳ ಪ್ರಯೋಜನವಾದೀತು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ