ಮೊದಲು ಮಾತು, ಆಮೇಲೆ ಅಕ್ಷರ

ಈ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಕಲಬುರಗಿ, ಯಾದಗಿರಿ ಕಡೆ ಹೋಗಿ ಬಂದ ನಮ್ಮ ಕನ್ನಡ ಸಂಘದ ಸದಸ್ಯರಲ್ಲಿ ಹಲವರು ಒಂದೇ ಮಾತು ಹೇಳಿದರು. ಅಣ್ಣನ ಮಗನ ನೋಟ್‌ಬುಕ್, ತಂಗಿಯ ಮಗಳ ನೋಟ್‌ಬುಕ್ ತೆರೆದರೆ ಅಕ್ಷರ ಮುತ್ತಿನ ಹಾಗಿದೆ. ಅದೇ ಸಾಲಿನ ಕೆಳಗೆ ಬೆರಳಿಟ್ಟು "ಓದಪಾ" ಅಂದರೆ ಮಗು ಸುಮ್ಮನಾಗಿಬಿಡುತ್ತದೆ.

ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಬೋರ್ಡ್ ಮೇಲಿದ್ದದ್ದನ್ನು ನೋಡಿ ಇಳಿಸಲು ಕೈ ಪಳಗಿದರೆ ಸಾಕು. ಓದಲು ಅಕ್ಷರದ ಸದ್ದು ಗೊತ್ತಿರಬೇಕು. ಆ ಸದ್ದುಗಳನ್ನು ಕೂಡಿಸಿದಾಗ ಬರುವ ಪದವನ್ನು ಮೊದಲೇ ಎಲ್ಲೋ ಕೇಳಿರಬೇಕು. ಈ ಎರಡನೆಯದನ್ನು ನಾವು ಮರೆಯುತ್ತೇವೆ. ಎಂದೂ ಕೇಳಿರದ ಪದವನ್ನು ಮಗು ಕೂಡಿಸಿ ಹೇಳಿದರೂ ಅದಕ್ಕೆ ಅದು ಬರೀ ಸದ್ದು. ಸ್ಲೇಟು ಹಿಡಿಯುವುದಕ್ಕೆ ಎಷ್ಟೋ ಮೊದಲು, ಮನೆಯ ಮಾತಿನಲ್ಲೇ ಓದು ಶುರುವಾಗಿರುತ್ತದೆ. ಇದು ನನ್ನ ಗಟ್ಟಿ ನಂಬಿಕೆ.

ಕನ್ನಡದ ಅಕ್ಷರ ಕಲಿಯಲು ಹೊತ್ತು ಬೇಕು ಅನ್ನುವುದನ್ನೂ ದೊಡ್ಡವರು ನೆನಪಿಡಬೇಕು. ವರ್ಣಮಾಲೆ ಬಂದರೆ ಮುಗೀತು ಅಂದುಕೊಳ್ಳುತ್ತೇವೆ. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿ ನೋಡಿ, ಮಗು ಗುರುತಿಸಬೇಕಾದ ರೂಪಗಳು 500ರ ಹತ್ತಿರ ಹೋಗುತ್ತವೆ. ಒತ್ತಕ್ಷರಗಳು ಇನ್ನೂ ಬೇರೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಇಂಗ್ಲಿಷಿನ 26 ಅಕ್ಷರ ಕಲಿಯುವಷ್ಟು ಬೇಗ ಇದು ಮುಗಿಯುವುದಿಲ್ಲ, ಅಕ್ಷರ ಕಲಿಕೆ ನಾಲ್ಕನೇ ತರಗತಿವರೆಗೂ ನಡೆದೇ ಇರುತ್ತದೆ. ಹಾಗಿರುವಾಗ ಒಂದನೇ ತರಗತಿ ಮಗುವಿಗೆ "ಇಷ್ಟೂ ಬರೋದಿಲ್ವಾ?" ಅಂತ ಗದರುವುದು ಅನ್ಯಾಯ, ಅಲ್ವಾ?

ಕಲಬುರಗಿ ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ಮಗುವಿನಿಂದ ಬೋರ್ಡ್ ಓದಿಸಿದರೆ ಕಷ್ಟ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸುರಪುರ, ಬೀದರ, ಯಾದಗಿರಿ ಸಲೀಸಾಗಿ ಬರುತ್ತವೆ. ಚಿತ್ತಾಪುರದ ಒತ್ತು ನೋಡಿ ಸ್ವಲ್ಪ ತಡೆಯುತ್ತದೆ. ಜೇವರ್ಗಿ ಬಸ್ಸು ಬಂದಾಗ "ಜೇವಗ್ರಿ" ಅನ್ನುತ್ತದೆ. ಮಗುವಿನ ತಪ್ಪಿಲ್ಲ. ಅರ್ಕಾವತ್ತಿನಲ್ಲಿ ರಕಾರದ ಸದ್ದು ಮೊದಲು ಕೇಳುತ್ತದೆ, ಬರಹದಲ್ಲಿ ಅದು ಆಮೇಲೆ ಬರುತ್ತದೆ. ಮಗು ಕಂಡ ಕ್ರಮದಲ್ಲೇ ಓದಿದೆ. ನಗದೆ, ಬೈಯದೆ, ಒಂದು ಸಲ ಸರಿಯಾಗಿ ಹೇಳಿ ತೋರಿಸಿದರೆ ಸಾಕು. ಮುಂದಿನ ಬೋರ್ಡಿಗೆ ಹೋಗಬಹುದು.

ಶಾಲೆಗಳಲ್ಲಿ ಒಳ್ಳೆಯದೂ ನಡೆದಿದೆ. ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಯಲ್ಲೇ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ಮೊದಲ ಗುಂಪು ರ ಗ ಸ ದ ಅ. ಐದೇ ಅಕ್ಷರ ಬಂದರೆ ಮಗು ಸರ, ದರ, ಅಗಸ, ಅರಸ, ಗರಗಸ ಅಂತ ಪದಗಳನ್ನೇ ಓದುತ್ತದೆ. "ನಂಗ ಓದಾಕ ಬರ್ತದ" ಅನ್ನುವ ಧೈರ್ಯ ಮೊದಲ ವಾರಗಳಲ್ಲೇ ಸಿಗುತ್ತದೆ. ವಿದೇಶದ ಕನ್ನಡ ಶಾಲೆಗಳು ಇದನ್ನು ಕಣ್ಣುಮುಚ್ಚಿ ಎರವಲು ಪಡೆಯಬೇಕು. ವಾರಕ್ಕೊಮ್ಮೆ ಬರುವ ಮಗುವಿಗೆ ಋ ತನಕ ಬರುವಷ್ಟರಲ್ಲಿ ಆಸಕ್ತಿಯೇ ಹೋಗಿರುತ್ತದೆ.

ಈಗ ಮನೆಯ ವಿಷಯ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36%. ಯಾದಗಿರಿ ಜಿಲ್ಲೆಯದು 51.83%, ರಾಜ್ಯದಲ್ಲೇ ಕಡಿಮೆ. ಈಗ ಶಾಲೆಯಲ್ಲಿರುವ ಎಷ್ಟೋ ಮಕ್ಕಳ ಅಜ್ಜಿಗೆ, ತಾಯಿಗೆ ಓದು ಬರುವುದಿಲ್ಲ. "ಮನ್ಯಾಗ ಹೇಳಿಕೊಡೋರು ಯಾರೂ ಇಲ್ರೀ" ಎಂಬ ಮಾತು ಅಕ್ಕೋರ (ಶಿಕ್ಷಕಿಯರ) ಬಾಯಲ್ಲೂ ಕೇಳುತ್ತದೆ, ತಾಯಂದಿರ ಬಾಯಲ್ಲೂ ಕೇಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ರೊಟ್ಟಿ ಬಡಿಯುತ್ತಲೇ ತಾಯಿ ಕಥೆ ಹೇಳಬಲ್ಲಳು, ಒಗಟು ಹಾಕಬಲ್ಲಳು. ಮಗು ಪುಸ್ತಕ ಹಿಡಿದು ಕೂತಾಗ "ಮುಂದ ಏನಾತು?" ಅಂತ ಕೇಳಬಲ್ಲಳು. ಮಗು ತಡವರಿಸಿದರೂ ಕಾಯಬಲ್ಲಳು. ಇಷ್ಟಕ್ಕೆ ಅಕ್ಷರ ಬೇಕಾಗಿಲ್ಲ. ಹೊಸ ಪದಗಳು, ಕಥೆಯ ನಡೆ, ಮುಂದೇನು ಎಂಬ ಕುತೂಹಲ ಎಲ್ಲ ಬರುವುದು ಇಲ್ಲಿಂದಲೇ. ಭಜನೆಯಲ್ಲಿ, ಮಠದಲ್ಲಿ ಕೇಳಿ ಬಾಯಿಪಾಠವಾದ ವಚನಗಳು ಬೀದರ, ಕಲಬುರಗಿಯ ಎಷ್ಟೋ ಮಕ್ಕಳಿಗೆ ಇವೆ. ಅದೇ ವಚನವನ್ನು ದೊಡ್ಡ ಅಕ್ಷರದಲ್ಲಿ ಬರೆದು ಮುಂದಿಟ್ಟು, ಹೇಳುತ್ತಾ ಹೇಳುತ್ತಾ ಪದದಿಂದ ಪದಕ್ಕೆ ಬೆರಳು ಸರಿಸಲಿ. ಬಾಯಿಗೆ ಬಂದದ್ದು ಕಣ್ಣಿಗೂ ಸಿಗುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಪಠ್ಯದಲ್ಲಿ "ಅವನು ಊರಿಗೆ ಹೋಗಿದ್ದಾನೆ" ಅಂತ ಇರುತ್ತದೆ. ಮಗು ಅದನ್ನು ನೋಡಿ "ಅಂವ ಊರಿಗಿ ಹೋಗ್ಯಾನ" ಅಂತ ಓದುತ್ತದೆ. ಕೆಲವು ಕಡೆ ಇದಕ್ಕೆ ಬೈಗುಳ ಬೀಳುತ್ತದೆ. ನನ್ನ ಕೇಳಿದರೆ, ಆ ಮಗುವಿಗೆ ಮೊದಲು ಶಾಭಾಸ್ ಅನ್ನಬೇಕು. ಅದು ಅರ್ಥ ಹಿಡಿದು ಓದಿದೆ. ಪುಸ್ತಕದ ರೂಪವನ್ನು ಆಮೇಲೆ ಮೆಲ್ಲಗೆ ತೋರಿಸಬಹುದು. ತನ್ನ ಮನೆಯ ಮಾತೇ ತಪ್ಪು ಅಂತ ಮಗುವಿಗೆ ಅನ್ನಿಸಿದರೆ ಅದು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಇನ್ನು ತಾಯಿಯನ್ನು "ಯಾಡಿ" ಎಂದು ಕರೆಯುವ ಲಂಬಾಣಿ ತಾಂಡಾದ ಮಗು, ಮನೆಯಲ್ಲಿ ದಖನಿ ಮಾತಾಡುವ ಮಗು, ಗುರುಮಠಕಲ್ ಕಡೆಯ ತೆಲುಗು ಮನೆಯ ಮಗು, ಭಾಲ್ಕಿ ಕಡೆಯ ಮರಾಠಿ ಮನೆಯ ಮಗು, ಇವರಿಗೆ ಕನ್ನಡವೇ ಹೊಸದು. ಅಕ್ಷರಕ್ಕೆ ಮೊದಲು ಅವರಿಗೆ ಕನ್ನಡದಲ್ಲಿ ಹಾಡು, ಆಟ, ಮಾತು ಧಾರಾಳವಾಗಿ ಬೇಕು. ಅವರ ಭಾಷೆಯ ನಾಲ್ಕು ಮಾತು ಕಲಿತ ಅಕ್ಕೋರು ಅರ್ಧ ಕೆಲಸ ಮುಗಿಸಿದಂತೆ. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರ ಜೊತೆ ಹೋಗುವ ಮಕ್ಕಳದ್ದು ಇನ್ನೂ ಕಷ್ಟ. ಕಲಿತ ಅಕ್ಷರ ಅಷ್ಟರಲ್ಲಿ ಮರೆತೇಹೋಗುತ್ತದೆ.

ಕೇಂದ್ರ ಸರ್ಕಾರ 2021ರಲ್ಲಿ ನಿಪುಣ್ ಭಾರತ್ ಯೋಜನೆ ತಂದಿತು. ಎರಡನೇ ತರಗತಿ ಮಗು ನಿಮಿಷಕ್ಕೆ 45ರಿಂದ 60 ಪದ ಓದಬೇಕು ಅನ್ನುವುದು ಅದರ ಗುರಿಗಳಲ್ಲಿ ಒಂದು. ಗುರಿ ಇರಲಿ, ಒಳ್ಳೆಯದೇ. ಆದರೆ ಕನ್ನಡದ ಪದಗಳು ಉದ್ದ, "ಹೋಗುತ್ತಿದ್ದಾಳೆ" ಅನ್ನುವುದೂ ಒಂದೇ ಪದ. ಗಡಿಯಾರ ಹಿಡಿದು ಕೂರುವುದಕ್ಕಿಂತ, ಓದಿದ ಮೇಲೆ ಮಗು ಕಥೆಯನ್ನು ತನ್ನ ಮಾತಿನಲ್ಲಿ ಹೇಳುತ್ತದಾ ಅಂತ ನೋಡುವುದು ಮುಖ್ಯ.

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮಕ್ಕಳಿಗೆ ತಿರುಗುಮುರುಗು ಸ್ಥಿತಿ. ಶಾಲೆಯವರು ಚೀಲದಲ್ಲಿ ಪುಸ್ತಕ ಕಳಿಸುತ್ತಾರೆ, ನಾವು ದಿನಾ ಓದಿಸಿ ಡೈರಿಗೆ ಸಹಿ ಹಾಕುತ್ತೇವೆ. "ಇಯರ್ 1" ತರಗತಿಯ ಕೊನೆಗೆ 40 ಪದಗಳ ಫೋನಿಕ್ಸ್ ಪರೀಕ್ಷೆಯನ್ನೂ ಮಕ್ಕಳು ಮುಗಿಸುತ್ತಾರೆ. ಸದ್ದು ಕೂಡಿಸುವ ಜಾಣತನ ಅವರಿಗಿದೆ. ಕನ್ನಡದ ಅಕ್ಷರವೂ ಬೇಗ ಹಿಡಿಯುತ್ತಾರೆ. ಆದರೆ ಅವರ ಕಿವಿಗೆ ಬೀಳುವ ಕನ್ನಡ ತೀರಾ ಕಡಿಮೆ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಪರವಾಗಿಲ್ಲ, ನೀವು ಕನ್ನಡದಲ್ಲೇ ಮಾತು ಮುಂದುವರಿಸಿ. ನಿಮ್ಮ ಕಲಬುರಗಿ ಕನ್ನಡದಲ್ಲೇ.

ಒಂದು ಸುಲಭದ ಕೆಲಸ ಹೇಳುತ್ತೇನೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಶನಿವಾರ ಬೆಳಿಗ್ಗೆ ಇಲ್ಲಿ ಹತ್ತು ಗಂಟೆ ಅಂದರೆ ಊರಲ್ಲಿ ಬೇಸಿಗೆಯಲ್ಲಾದರೆ ಮಧ್ಯಾಹ್ನ ಎರಡೂವರೆ, ಚಳಿಗಾಲದಲ್ಲಾದರೆ ಮೂರೂವರೆ. ಅಜ್ಜ ಅಜ್ಜಿ ಊಟ ಮುಗಿಸಿ ಕೂತಿರುತ್ತಾರೆ. ವಿಡಿಯೋ ಕಾಲ್ ಹಚ್ಚಿ. ಇಲ್ಲಿಯ ಮಗು ಒಂದು ಪುಟ ಓದಲಿ, ಅಲ್ಲಿಯ ಅಣ್ಣನೋ ತಂಗಿಯೋ ಇನ್ನೊಂದು ಪುಟ ಓದಲಿ. ಅಜ್ಜಿ ಕೇಳಲಿ, ನಡುವೆ ಪ್ರಶ್ನೆ ಹಾಕಲಿ. ಎರಡೂ ಕಡೆಯ ಮಕ್ಕಳಿಗೆ ಲಾಭ.

ಡಿಸೆಂಬರಿನಲ್ಲಿ ಊರಿಗೆ ಹೋಗುವವರಿಗೆ ಒಂದು ವಿನಂತಿ. 2020ರ ಮಕ್ಕಳ ದಿನಾಚರಣೆಯಂದು ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ ನೋಡಿ, ಚಿಕ್ಕ ಮಕ್ಕಳಿಗೆ ಏನಿದೆ ಅಂತ ಅಲ್ಲಿಯವರನ್ನೇ ಕೇಳಿ. ಆಮೇಲೆ ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಕೊಂಡು ಕೊಡಿ. ಇಲ್ಲಿ ಓದಿ ಬಿಟ್ಟ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಹೊತ್ತೊಯ್ಯಬೇಡಿ. ಪುಟಕ್ಕೆ ಎರಡು ಮೂರು ಸಾಲು, ದೊಡ್ಡ ಅಕ್ಷರ, ಪುಟ ತುಂಬ ಚಿತ್ರ ಇರುವ ಕನ್ನಡದ ಪುಸ್ತಕ ಬೇಕು. ಒಂದೇ ಪುಸ್ತಕದ ಎರಡು ಮೂರು ಪ್ರತಿ ಕೊಟ್ಟರೆ ಮಕ್ಕಳು ಜೊತೆಗೆ ಕೂತು ಓದಬಹುದು. ಹಾಗೆಯೇ ಗ್ರಂಥಪಾಲಕರಿಗೆ ಹೇಳಿ, ಪುಸ್ತಕ ಹರಿದರೂ ಚಿಂತೆಯಿಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ ಅಂತ.